‘ವಿಫಲ’ವೆಂಬ ಸುಳ್ಳು

ಕನ್ನಡ ಪಾಠ ಹೇಳುವವನಿಗೆ ಕಂಪ್ಯೂಟರುಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ನನ್ನ ಜಗಳ ಯಂತ್ರದೊಡನೆ ಅಲ್ಲ, ಒಂದು ಪದದೊಡನೆ. ಪದಗಳ ವಿಷಯದಲ್ಲಿ ಮಾತನಾಡಲು ನನಗೆ ಸ್ವಲ್ಪ ಅಧಿಕಾರವುಂಟೆಂದು ತಿಳಿದಿದ್ದೇನೆ.

ಪರೀಕ್ಷಾಶುಲ್ಕಕ್ಕೆ ಕೊನೆಯ ದಿನ. ಸಂಜೆ ನನ್ನ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಯುಪಿಐ ಮೂಲಕ ಹಣ ಕಟ್ಟಿದ. ‘ಪಾವತಿ ವಿಫಲ’ ಎಂದು ತೆರೆಯ ಮೇಲೆ ಬಂತು. ಖಾತೆ ನೋಡಿದರೆ ಹಣ ಹೋಗಿದೆ! ಮತ್ತೊಮ್ಮೆ ಕಟ್ಟೋಣವೆಂದರೆ ಕೈಯಲ್ಲಿ ಕಾಸಿಲ್ಲ. ಮರುದಿನ ಕಚೇರಿಯ ಕಿಟಕಿಯಿಂದ ಉತ್ತರ: “ನಮಗೆ ಬಂದಿಲ್ಲ, ಸರ್ವರ್ ತೊಂದರೆ. ದಂಡ ಸೇರಿಸಿ ಕಟ್ಟು.” ಹಿಂದೆ ಗ್ರಹಚಾರ ಎನ್ನುತ್ತಿದ್ದೆವು, ಈಗ ಆ ಸ್ಥಾನ ಸರ್ವರಿಗೆ ಬಂದಿದೆ.

ನಡೆದದ್ದೇನು? ಹುಡುಗನ ಬ್ಯಾಂಕಿನ ಯಂತ್ರ, ಕಾಲೇಜಿನ ಬ್ಯಾಂಕಿನ ಯಂತ್ರ, ನಡುವೆ ಎನ್‌ಪಿಸಿಐಯ ಯಂತ್ರಗಳು, ಶುಲ್ಕ ವಸೂಲಿನದು ಇನ್ನೊಂದು. ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕದ ಪುಸ್ತಕ. ಎಲ್ಲವನ್ನೂ ಏಕಕಾಲಕ್ಕೆ ಕಾಣಬಲ್ಲ ಶಾನುಭೋಗ ಯಾರೂ ಇಲ್ಲ. ಅವು ಪತ್ರ ಬರೆದುಕೊಂಡು ಬಾಳುವ ಸಂಸಾರ. ಒಂದು ಪತ್ರಕ್ಕೆ ಉತ್ತರ ಬರಲಿಲ್ಲವೆನ್ನಿ. ಪತ್ರವೇ ಕಳೆಯಿತೋ, ಕೆಲಸವಾಗಿ ಉತ್ತರ ಮಾತ್ರ ಕಳೆಯಿತೋ, ಆಚೆಯ ಯಂತ್ರ ಸತ್ತಿತೋ, ಬರಿದೆ ನಿಧಾನಿಸಿತೋ? ಈಚೆ ನಿಂತವನಿಗೆ ಈ ನಾಲ್ಕೂ ಒಂದೇ ರೂಪ. ಗೊತ್ತುಮಾಡಿದಷ್ಟು ಕ್ಷಣ ಕಾದು ಯಂತ್ರ ಕೈಬಿಡುತ್ತದೆ. ಆಗ ಅದಕ್ಕೆ ತಿಳಿದಿರುವುದು ‘ಉತ್ತರ ಬರಲಿಲ್ಲ’ ಎಂಬಷ್ಟು. ತೆರೆಯ ಮೇಲೆ ಹೇಳುವುದು ‘ವಿಫಲ’! ಮನಿಯಾರ್ಡರಿನ ಕಾಲದಲ್ಲಿ ಸ್ವೀಕೃತಿ ಬಾರದ ತಂದೆ ‘ಮಗನಿಗೆ ಹಣ ಮುಟ್ಟಲಿಲ್ಲ’ ಎಂದು ಸಾರುತ್ತಿದ್ದನೆ? ‘ಮುಟ್ಟಿತೋ ಇಲ್ಲವೋ ತಿಳಿಯದು’ ಎನ್ನುತ್ತಿದ್ದ. ಅಷ್ಟು ವ್ಯಾಕರಣ ಅವನಿಗೆ ಗೊತ್ತಿತ್ತು.

ಇದು ಹೊಸ ಕಷ್ಟವೇನೂ ಅಲ್ಲ. 1978ರಲ್ಲಿಯೇ ಜಿಮ್ ಗ್ರೇ ಇದನ್ನು ಇಬ್ಬರು ಸೇನಾಪತಿಗಳ ಕಥೆಯಾಗಿ ಹೇಳಿದರು. ಎರಡು ಗುಡ್ಡಗಳ ಮೇಲೆ ಎರಡು ದಂಡು, ಕಣಿವೆಯಲ್ಲಿ ವೈರಿ. ದೂತರು ಸೆರೆಸಿಕ್ಕಬಹುದು. ಹಾಗಿರುವಾಗ ಎಷ್ಟು ಓಲೆ ಕಳಿಸಿದರೂ, ಇಬ್ಬರೂ ಒಂದೇ ಹೊತ್ತಿಗೆ ಏರಿಹೋಗುವೆವೆಂಬ ನಿಶ್ಚಯ ಹುಟ್ಟದು. ಕೊನೆಯ ಓಲೆ ತಲುಪಿತೆ ಎಂಬ ಸಂಶಯ ಉಳಿದೇ ಉಳಿಯುತ್ತದೆ. ಇದು ಜಾಣತನದ ಕೊರತೆಯಲ್ಲ, ಸಾಧಿಸಿ ತೋರಿಸಿದ ಸತ್ಯ.

ಕಂಪ್ಯೂಟರ್ ಕಲಿಸುವ ಮಿತ್ರರೊಬ್ಬರು ಇದನ್ನೇ ಹಿಡಿದು ನನ್ನ ಬಾಯಿ ಮುಚ್ಚಿಸಹೊರಟರು: “ಗಣಿತವೇ ಅಸಾಧ್ಯವೆಂದ ಮೇಲೆ ಯಾರನ್ನು ದೂರುತ್ತೀರಿ? ಮೇಲಾಗಿ, ಆಯಿತು-ಇಲ್ಲ ಎಂಬ ಎರಡು ಮಾತನ್ನು ಬಿಟ್ಟರೆ ಜನಕ್ಕೆ ಅರ್ಥವಾಗುವುದಿಲ್ಲ.” ಸ್ವಾಮಿ, ಸಂಶಯ ಯಾರ ತಪ್ಪೂ ಅಲ್ಲ, ಒಪ್ಪಿದೆ. ಆ ಸಂಶಯದ ಹೊರೆಯನ್ನು ಯಾರ ಹೆಗಲಿಗೆ ಹಾಕಬೇಕೆಂಬುದು ಗಣಿತವೆ? ಅದನ್ನು ಮನುಷ್ಯರು ಕುಳಿತು ಗೊತ್ತುಮಾಡುತ್ತಾರೆ. ಇನ್ನು ಜನದ ಮಾತು: ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯುವ ನಮ್ಮ ಹುಡುಗರಿಗೆ ‘ಇನ್ನೂ ತಿಳಿದಿಲ್ಲ’ ಎಂಬುದು ಅರ್ಥವಾಗದೆ?

ಉಪಾಯಗಳೂ ಹಳೆಯವೇ. ಪ್ರತಿ ಪಾವತಿಗೂ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಕೋರಿಕೆ ಹತ್ತು ಸಲ ಬಂದರೂ ಒಂದೇ ಸಲ ಲೆಕ್ಕ ಹಿಡಿದರೆ, ಅಂಜದೆ ಮರಳಿ ಕೇಳಬಹುದು. ರಿಸರ್ವ್ ಬ್ಯಾಂಕಂತೂ 2019ರ ಸೆಪ್ಟೆಂಬರಿನಲ್ಲಿ ಹೊರೆ ಯಾರದೆಂದು ಬರೆದೇ ಇಟ್ಟಿತು: ಯುಪಿಐಯಲ್ಲಿ ಖಾತೆಯಿಂದ ಹಣ ಹೋಗಿ, ಪಡೆಯಬೇಕಾದ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ, 5 ದಿನಗಳೊಳಗೆ ಅದು ತಾನಾಗಿ ಹಿಂದಿರುಗಬೇಕು; ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಬ್ಯಾಂಕುಗಳೇ ತಲೆಬಾಗಿದ ಮೇಲೆ ವಿದ್ಯಾಸಂಸ್ಥೆಗೇನು ಬಿಗುಮಾನ? ಖಾತೆಯಿಂದ ಹಣ ಹೊರಟ ಹೊತ್ತನ್ನೇ ಕಟ್ಟಿದ ಹೊತ್ತೆಂದು ಎಣಿಸಿದರೆ ಯಾವ ಬೊಕ್ಕಸ ಬರಿದಾಗುತ್ತದೆ?

ಹುಡುಗನ ಹಣ ನಾಲ್ಕನೆಯ ದಿನ ಹಿಂದಕ್ಕೆ ಬಂತು. ಸಾಲ ತಂದು ಕಟ್ಟಿದ ದಂಡ ಕಚೇರಿಯಲ್ಲೇ ಇದೆ. ಅದನ್ನು ಮರಳಿಸಬೇಕೆಂದು ನಾನು ಬರೆದ ಅರ್ಜಿಗೆ ಈವರೆಗೆ ಉತ್ತರವಿಲ್ಲ. ಮುಟ್ಟಿತೋ ಇಲ್ಲವೋ ತಿಳಿಯದು.