ಹಕ್ಕಿಯ ಹಾದಿಯಲ್ಲಿ ಬಾಡಿಗೆಯ ವಿಮಾನ

ಸಂಪಾಜೆಯ ಘಾಟಿಯನ್ನು ಬಲ್ಲವರು 2018ನೆಯ ಇಸವಿಯ ಆಗಸ್ಟ್ ತಿಂಗಳನ್ನು ಮರೆಯಲಾರರು. ಜೋಡುಪಾಲದಲ್ಲಿ ಗುಡ್ಡ ಜರಿದು ಬಿದ್ದು ಮಡಿಕೇರಿಯ ಹೆದ್ದಾರಿಯು ಮುಚ್ಚಿಹೋಯಿತು. ಬಹು ದಿನಗಳವರೆಗೆ ಈ ಕಡೆಯವರಿಗೆ ಆ ಕಡೆಯು ದೂರದೇಶವಾಯಿತು. ಅಂತಹ ಹೊತ್ತಿನಲ್ಲಿ ಮನೆಯೊಳಗೆ ಹೆರಿಗೆಯ ನೋವಿನ ಹೆಂಗಸೋ ಎದೆನೋವಿನ ಮುದುಕರೋ ಇದ್ದರೆ ಗೃಹಸ್ಥನು ಆಕಾಶವನ್ನೇ ನೋಡಬೇಕಷ್ಟೆ. ಆದುದರಿಂದ, ಏರ್ ಟ್ಯಾಕ್ಸಿ ಎಂದು ಪತ್ರಿಕೆಗಳು ಕರೆಯುವ ಬಾಡಿಗೆಯ ಪುಟ್ಟ ವಿಮಾನದ ಸುದ್ದಿಯನ್ನು ಕೇಳಿದಾಗ ನಮ್ಮ ಕಡೆಯವರಿಗೆ ಆಸೆ ಹುಟ್ಟುವುದು ಸಹಜವೇ ಆಗಿದೆ.

ಈ ಯಂತ್ರಕ್ಕೆ ಉದ್ದನೆಯ ಓಡುದಾರಿ ಬೇಡ. ಅನೇಕ ರೆಕ್ಕೆಚಕ್ರಗಳನ್ನು ವಿದ್ಯುತ್ತಿನಿಂದ ತಿರುಗಿಸಿ ನೆಟ್ಟಗೆ ಮೇಲಕ್ಕೇರಿ, ಬಳಿಕ ಮುಂದಕ್ಕೆ ಸಾಗುವುದು. ಬೆಂಗಳೂರಿನ ಸರಳಾ ಏವಿಯೇಷನ್ ಎಂಬ ಸಂಸ್ಥೆಯು ತನ್ನ ‘ಶೂನ್ಯ’ ಎಂಬ ಮಾದರಿಯನ್ನು 2025ರ ಜನವರಿಯಲ್ಲಿ ದೆಹಲಿಯ ಪ್ರದರ್ಶನದಲ್ಲಿಟ್ಟಿತು. ನಮ್ಮ ಕಣಿವೆಗೆ ಅದು ಬಂದಿಲ್ಲ. ಬರುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದುಂಟು: ಈ ಆಕಾಶದಲ್ಲಿ ಈಗಾಗಲೇ ಒಕ್ಕಲಾಗಿರುವವರ ಗತಿಯೇನು?

ಹಕ್ಕಿಗೂ ವಿಮಾನಕ್ಕೂ ಡಿಕ್ಕಿಯಾಗುವುದು ಹೊಸ ಸಂಗತಿಯಲ್ಲ. 1905ರಲ್ಲಿಯೇ ಆರ್ವಿಲ್ ರೈಟನು ಹಾರಾಡುತ್ತಿದ್ದಾಗ ಹಕ್ಕಿಯೊಂದು ಅವನ ವಿಮಾನಕ್ಕೆ ಬಡಿದು ಸತ್ತಿತು. 1912ರಲ್ಲಿ ಕ್ಯಾಲ್ ರಾಜರ್ಸ್ ಎಂಬ ವೈಮಾನಿಕನು ಕಡಲಹಕ್ಕಿಯೊಂದರ ದೆಸೆಯಿಂದ ಸಮುದ್ರಕ್ಕೆ ಬಿದ್ದು ಪ್ರಾಣಬಿಟ್ಟನು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳ ಹಿಂಡು ಎರಡು ಎಂಜಿನುಗಳನ್ನೂ ಕೆಡಿಸಲಾಗಿ, ಚಾಲಕನು ವಿಮಾನವನ್ನು ಹಡ್ಸನ್ ನದಿಯ ಮೇಲೆಯೇ ಇಳಿಸಿ 155 ಜನರನ್ನೂ ಉಳಿಸಿದನು.

ದೊಡ್ಡ ವಿಮಾನಕ್ಕೆ ಈ ಭಯವು ಏರುವಾಗ, ಇಳಿಯುವಾಗ ಮಾತ್ರ ಹೆಚ್ಚು. ಆಮೇಲೆ ಅದು ಹಕ್ಕಿಗಳ ಲೋಕವನ್ನೇ ದಾಟಿ ಹೋಗುತ್ತದೆ. ಬಾಡಿಗೆಯ ವಿಮಾನವಾದರೋ ಪ್ರಯಾಣದ ಮೊದಲಿನಿಂದ ಕಡೆಯವರೆಗೂ ಕೆಲವು ನೂರು ಮೀಟರುಗಳ ಎತ್ತರದಲ್ಲಿ, ಎಂದರೆ ಹಕ್ಕಿಗಳ ಬೀದಿಯಲ್ಲಿಯೇ, ಸಾಗತಕ್ಕದ್ದು. ಯೂರೋಪು ಅಮೇರಿಕಗಳಲ್ಲಿ ಇಂತಹ ಯಂತ್ರಗಳಿಗೆ ಇಟ್ಟಿರುವ ಪರೀಕ್ಷೆಯು 1 ಕಿಲೋ ತೂಕದ ಹಕ್ಕಿಯದು: ಅದು ಬಡಿದರೂ ಯಂತ್ರವು ಕ್ಷೇಮವಾಗಿ ಇಳಿಯಬೇಕು. ಬೆಂಗಳೂರಿನ ಹದ್ದು ಈ ಲೆಕ್ಕದೊಳಗೆ ಬರುತ್ತದೆ. ಅದರ ತೂಕವು ಒಂದು ಕಿಲೋವಿಗೆ ಕಡಮೆಯೇ. ಆದರೆ ನಮ್ಮ ಘಟ್ಟದ ದೊಡ್ಡ ಮಂಗಟ್ಟೆಯು ಸುಮಾರು 3 ಕಿಲೋ ತೂಗುವುದು. ಗಂಡು ನವಿಲು ಇನ್ನೂ ಭಾರ. ದೊಡ್ಡ ಬಾವಲಿಯೂ ಕಿಲೋವನ್ನು ಮೀರುವುದುಂಟು. ವೇಗವು ಅಷ್ಟೇ ಇದ್ದು ತೂಕವು ಮೂರು ಪಟ್ಟಾದರೆ ಪೆಟ್ಟಿನ ಶಕ್ತಿಯೂ ಮೂರು ಪಟ್ಟು. ವೇಗವೇ ಇಮ್ಮಡಿಯಾದರೆ ನಾಲ್ಕು ಪಟ್ಟು. ಪರದೇಶದ ಅಳತೆಗೋಲನ್ನು ಹಾಗೆಯೇ ತಂದು ಘಟ್ಟಕ್ಕೆ ಹಿಡಿದರೆ ಸಾಲದೆಂಬುದು ಇದರಿಂದ ತಿಳಿಯುವುದು.

ಮಂಗಟ್ಟೆಯ ಸಂಸಾರವನ್ನು ವಾಚಕರು ಬಲ್ಲರೋ ಇಲ್ಲವೋ. ವರ್ಷದ ಮೊದಲ ತಿಂಗಳುಗಳಲ್ಲಿ ಹೆಣ್ಣು ಹಳೆಯ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟು ಕಂಡಿಯನ್ನು ಮಾತ್ರ ಬಿಡುತ್ತದೆ. ಒಳಗೆ ಗರಿ ಉದುರಿಸಿಕೊಂಡು ಮೊಟ್ಟೆಗೆ ಕಾವು ಕೊಡುವುದು. ಅತ್ತಿ, ಗೋಳಿಮರಗಳ ಹಣ್ಣನ್ನು ಗಂಟಲಿನಲ್ಲಿ ತುಂಬಿಕೊಂಡು ಬಂದು ಉಣಿಸುವವನು ಗಂಡು ಒಬ್ಬನೇ. ಹಾರುವಾಗ ಅವನ ರೆಕ್ಕೆಯ ಸದ್ದು ಉಗಿಬಂಡಿಯ ಉಸಿರಿನಂತೆ ಕೇಳಿಸುತ್ತದೆ. ಸಾಮಾನ್ಯವಾಗಿ ಒಂದೇ ಮರಿ ದಕ್ಕುವುದು. ಫೆಬ್ರವರಿಯಲ್ಲಿ ಗಂಡೊಂದು ಯಂತ್ರಕ್ಕೆ ಬಡಿದು ಸತ್ತಿತೆಂದರೆ ಲೆಕ್ಕದ ಪುಸ್ತಕದಲ್ಲಿ ಒಂದು ಹಕ್ಕಿಯೆಂದು ಬರೆಯುವರು. ಪೊಟರೆಯೊಳಗೆ ಕಾದಿರುವ ತಾಯಿ ಮರಿಗಳನ್ನು ಬರೆಯುವವರಿಲ್ಲ.

ಹದ್ದುಗಳ ವಿಷಯಕ್ಕೆ ಊರು ಕಂಡುಕೊಂಡ ಉಪಾಯವೊಂದಿದೆ. 1937ರ ವಿಮಾನ ನಿಯಮಗಳಲ್ಲಿ 91ನೆಯದು, ವಿಮಾನ ನಿಲ್ದಾಣದಿಂದ 10 ಕಿಲೋಮೀಟರಿನೊಳಗೆ ಪ್ರಾಣಿವಧೆಯನ್ನೂ ಕಸ ಚೆಲ್ಲುವುದನ್ನೂ ನಿಷೇಧಿಸಿತು. ಯಲಹಂಕದ ವೈಮಾನಿಕ ಪ್ರದರ್ಶನದ ನಿಮಿತ್ತ ಬೆಂಗಳೂರು ಪಾಲಿಕೆಯು 2023ರಲ್ಲಿ 10 ಕಿಲೋಮೀಟರು, 2025ರಲ್ಲಿ 13 ಕಿಲೋಮೀಟರು ಸುತ್ತಳತೆಯೊಳಗೆ ಮಾಂಸದ ಅಂಗಡಿಗಳನ್ನು ಕೆಲವು ವಾರ ಮುಚ್ಚಿಸಿತು. ಕಟುಕರ ಹೊಟ್ಟೆಯ ಮೇಲೆ ಹೊಡೆತ ಬಿದ್ದುದು ನಿಜ. ಎಸೆದ ತುಣುಕಿಲ್ಲದಲ್ಲಿ ಹದ್ದು ಸುತ್ತುವುದು ಕಡಮೆ ಎಂಬುದೂ ನಿಜ. ಆದರೆ ಮಂಗಟ್ಟೆಯನ್ನು ಕರೆಯುವುದು ಕಸವಲ್ಲ, ಕಾಡು. ಗೋಳಿಮರಕ್ಕೆ ನೋಟೀಸು ಕೊಟ್ಟು ಹಣ್ಣು ಬಿಡಬೇಡವೆನ್ನಲಾದೀತೆ?

ಹಾಗಾದರೆ ಇಲ್ಲಿ ಮಾಡತಕ್ಕ ಲೆಕ್ಕವೇ ಬೇರೆ. ಎಷ್ಟು ಹಕ್ಕಿಗಳಿವೆ ಎಂಬುದಲ್ಲ; ಯಾವ ಹಕ್ಕಿ, ಯಾವ ತಿಂಗಳಲ್ಲಿ, ಯಾವ ಗಳಿಗೆಯಲ್ಲಿ, ಎಷ್ಟು ಎತ್ತರದಲ್ಲಿ ಪಯಸ್ವಿನಿಯನ್ನು ದಾಟುತ್ತದೆ ಎಂಬುದು. ಬಾವಲಿಗಳು ಮುಸ್ಸಂಜೆಗೆ ಹೊರಟು ನಸುಕಿಗೆ ಮರಳುವುವು. ಬಿಸಿಲೇರಿದ ಮೇಲೆ ಗಿಡುಗಗಳು ಗುಡ್ಡದ ಮಗ್ಗುಲಿನ ಬಿಸಿಗಾಳಿಯನ್ನು ಹಿಡಿದು ಮೇಲೇರುವುವು. ಮೊದಲ ಮಳೆಯ ಮರುದಿನ ಗೆದ್ದಲಿಗೆ ರೆಕ್ಕೆ ಬಂದಿತೋ, ಅದನ್ನು ತಿನ್ನಲು ಬಾನೆಲ್ಲ ಹಕ್ಕಿಯಾಗುವುದು. ಒಂದು ವಾರ ದುರ್ಬೀನು ಹಿಡಿದು ನಿಂತು ಹೋಗುವ ಅಧಿಕಾರಿಗೆ ಇದೆಲ್ಲ ಕಾಣಿಸದು. ವರ್ಷವೊಂದು ಪೂರ್ತಿ ಬೇಕು. ಅಡಕೆ ತೋಟದಲ್ಲಿ ಬೆಳಗು ಬೈಗು ಕಳೆಯುವವರು ಅದನ್ನು ಅವರಿಗಿಂತ ಚೆನ್ನಾಗಿ ಬಲ್ಲರು. ಇಳಿದಾಣದ ನೆಲಕ್ಕೂ ಕಾವಲು ಬೇಕು: ಹಂದಿ, ನಾಯಿ, ಮೇಯುವ ದನ ಯಾವುದೂ ಬೇಲಿಯಿಲ್ಲದ ಬಯಲನ್ನು ಬಿಡುವುದಿಲ್ಲ.

ಇಷ್ಟಾದ ಮೇಲೂ ಒಂದು ಕಷ್ಟ ಉಳಿಯುತ್ತದೆ. ರೋಗಿಯು ಮುಸ್ಸಂಜೆಗೇ ಬಂದರೆ? ಬಾವಲಿಗಳು ಹೋಗಿ ಮುಗಿಯುವವರೆಗೆ ಕಾಯಿರೆಂದು ಗಂಡನಿಗೆ ಹೇಳುವವರಾರು? ಕಾಯಲಾಗದ ರೋಗಿಗೆ ಬಾವಲಿಗಳಿಲ್ಲದ ಮಗ್ಗುಲಿನಿಂದ ಹಾರುವ ದಾರಿಯನ್ನು ಮೊದಲೇ ಗುರುತಿಸಿಟ್ಟಿರಬೇಕು. ಆ ಹೊತ್ತಿನಲ್ಲಿ ಹುಡುಕಲು ಸಮಯವಿರದು.

ಸುಳ್ಯ ಸೀಮೆಯ ವಾಚಕರು ತಮ್ಮ ಹಿತ್ತಿಲಿನ ಮೇಲೆ ಮಂಗಟ್ಟೆ ಬಾವಲಿಗಳು ಹಾದುಹೋದ ತೇದಿಯನ್ನೂ ಗಂಟೆಯನ್ನೂ ಒಂದು ಕಾಗದದಲ್ಲಿ ಬರೆದು ಕಳುಹಿಸಿದರೆ ಇದೇ ಪುಟದಲ್ಲಿ ಅಚ್ಚು ಹಾಕಿಸುವೆವು. ಎತ್ತರವನ್ನು ತೆಂಗಿನಮರದ ಲೆಕ್ಕದಲ್ಲಿ ಬರೆದರೂ ಆದೀತು.