ಹೊಂಡದ ಒಡ್ಡು ಕೃಷ್ಣೆಯನ್ನು ತಡೆಯದು

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಮ್ಮ ಸುರಪುರ, ಶಹಾಪುರ ಸೀಮೆಗೆ ಬೇಡ ಎಂದಾಗ ಮೊದಲು ಎದುರಾಗುವ ಮಾತು: “ಹೊಂಡದ ಮೀನು ಹೊಂಡದಲ್ಲೇ ಇರುತ್ತದೆ, ನದಿಗೇಕೆ ಹೋಗುತ್ತದೆ?”

ಹೀಗೆ ಕೇಳುವವರು 2019ರ ಆಗಸ್ಟ್ ನೆನಪಿಸಿಕೊಳ್ಳಲಿ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಬಿಟ್ಟ ಕೃಷ್ಣೆಯ ನೀರಿಗೆ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆಯೇ ಮುಳುಗಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿತು. ಸೇತುವೆ ಮುಳುಗಿಸುವ ನೀರು ಹೊಂಡದ ಮಣ್ಣಿನ ಒಡ್ಡಿಗೆ ನಿಂತೀತೇ? ಪ್ರವಾಹವೇ ಬರಬೇಕೆಂದೂ ಇಲ್ಲ. ಈ ಮೀನಿಗೆ ಗಾಳಿಯನ್ನೇ ಉಸಿರಾಡುವ ಅಂಗವಿದೆ. ಮಳೆಗೆ ನೆಲ ಒದ್ದೆಯಾದರೆ ತೆವಳಿಕೊಂಡು ಪಕ್ಕದ ಹಳ್ಳ ಸೇರಬಲ್ಲದು. ಸೇರಿದ ಮೇಲೆ ಸಣ್ಣ ಮೀನು, ಕಪ್ಪೆ, ಮೊಟ್ಟೆ ಯಾವುದನ್ನೂ ಬಿಡುವುದಿಲ್ಲ. ನಮ್ಮ ಸೀಮೆಯ ಬೋನಾಳ ಕೆರೆಗೆ ಹಕ್ಕಿಗಳು ಬರುವುದು ಇಂಥ ಸಣ್ಣ ಜೀವಿಗಳನ್ನು ನಂಬಿ. ಒಮ್ಮೆ ಕೃಷ್ಣೆಯಲ್ಲಿ ನೆಲೆಯೂರಿದ ಕ್ಯಾಟ್‌ಫಿಶ್ಶನ್ನು ಬಲೆ ಹಾಕಿ ಆರಿಸಿ ತೆಗೆಯಲು ಯಾರಿಂದಲೂ ಆಗದು.

“ಬಡವರಿಗೆ ಅಗ್ಗದ ಮೀನು ತಪ್ಪಿಸುತ್ತೀರಿ” ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ಅಗ್ಗವಾಗುವುದು ಹೇಗೆ? ಕೋಳಿ ಅಂಗಡಿಯ ಕರುಳು, ತಲೆ, ಕಸಾಯಿಖಾನೆಯ ತ್ಯಾಜ್ಯ ಸುರಿದು ಬೆಳೆಸುವುದರಿಂದ. ಇದನ್ನೇ “ತ್ಯಾಜ್ಯ ವಿಲೇವಾರಿ” ಎಂದು ಹೊಗಳುವವರೂ ಇದ್ದಾರೆ. ಮೀನು ತಿಂದು ಉಳಿದದ್ದು ಅದೇ ನೀರಿನಲ್ಲಿ ಕೊಳೆಯುತ್ತದೆ. ಆ ನೀರನ್ನು ಕಾಲುವೆಗೆ ಬಿಟ್ಟರೆ ಕೆಳಗಿನ ಊರಿನವರು ಬಟ್ಟೆ ಒಗೆಯುವುದು, ದನಕ್ಕೆ ಕುಡಿಸುವುದು ಅದರಲ್ಲೇ. ಸಾಕುವವನು ಉಳಿಸಿದ ಖರ್ಚನ್ನು ಅವರು ತೆರುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟರೆ ಗೊಬ್ಬರ ಹಾಕಿ ಹಸಿರುಗಟ್ಟಿದ ನೀರು, ಅಕ್ಕಿ ತೌಡು, ಹಿಂಡಿ ಸಾಕು. ಬಡವರ ತಟ್ಟೆಗೆ ಅವೂ ಮೀನೇ.

“ಮೀನಿಗೆ ನೋವು ಎಲ್ಲಿಯದು?” 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಆಮ್ಲ ಚುಚ್ಚಿದಾಗ ಅವು ಮೇವು ಬಿಟ್ಟವು, ತುಟಿಯನ್ನು ಕಲ್ಲಿಗೆ ಉಜ್ಜಿದವು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಮನುಷ್ಯನನ್ನುಳಿದ ಎಲ್ಲ ಜೀವಿಗಳನ್ನೂ ಪ್ರಾಣಿ ಎಂದೇ ಕರೆಯುತ್ತದೆ, ಮೀನನ್ನು ಹೊರಗಿಟ್ಟಿಲ್ಲ. ಕಿಕ್ಕಿರಿದ ಹೊಂಡದಲ್ಲಿ ದೊಡ್ಡ ಕ್ಯಾಟ್‌ಫಿಶ್ ಚಿಕ್ಕದನ್ನು ಕಚ್ಚಿ ನುಂಗುತ್ತದೆ. ಅದನ್ನು ಕಂಡೂ ನೋವಿಲ್ಲ ಎನ್ನುವುದು ನನಗೆ ಸಾಧ್ಯವಿಲ್ಲ.

ಹೊರದೇಶದವರು ಸಾಕುವ ಜೀವಿಯ ನೋವಿನ ಪ್ರಶ್ನೆಯನ್ನು ಸಾಕಣೆ ಶುರುವಾಗುವ ಮುಂಚೆಯೇ ಎತ್ತಿದ್ದಾರೆ. ಸ್ಪೇನಿನ ನುಯೇವಾ ಪೆಸ್ಕನೋವಾ ಕಂಪನಿ ಗ್ರಾನ್ ಕನೇರಿಯಾ ದ್ವೀಪದಲ್ಲಿ ವರ್ಷಕ್ಕೆ 3,000 ಟನ್ ಆಕ್ಟೋಪಸ್ ಸಾಕಲು ಯೋಜನೆ ಹಾಕಿದಾಗ ಜನ ವಿರೋಧಿಸಿದರು. ಒಂಟಿಯಾಗಿ ಬಾಳುವ, ಬುದ್ಧಿಯುಳ್ಳ ಜೀವಿಯನ್ನು ತೊಟ್ಟಿಯಲ್ಲಿ ತುಂಬುವುದು, ಅದರ ಮಾಂಸಕ್ಕಾಗಿ ಅದಕ್ಕಿಂತ ಹೆಚ್ಚು ಕಡಲಜೀವಿಗಳನ್ನು ಮೇವಾಗಿಸುವುದು ತಪ್ಪೆಂಬುದು ಅವರ ವಾದ. ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2024ರಲ್ಲಿ ಆಕ್ಟೋಪಸ್ ಸಾಕಣೆ ತಲೆಯೆತ್ತುವ ಮೊದಲೇ ಅದನ್ನು ನಿಷೇಧಿಸಿದವು.

“ಇಲ್ಲಿಯೂ ಆಫ್ರಿಕನ್ ಕ್ಯಾಟ್‌ಫಿಶ್‌ಗೆ ನಿಷೇಧವಿದೆಯಲ್ಲ, ಮತ್ತೇಕೆ ಗದ್ದಲ?” ನಿಷೇಧವಿರುವುದು ನಿಜ, ಈ ಮೀನನ್ನು ನಾಶಪಡಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಹೇಳಿದೆ. ಆದರೂ ರಾಜ್ಯದಲ್ಲಿ ಕಳ್ಳ ಹೊಂಡಗಳು ಸಿಕ್ಕಿಬೀಳುತ್ತಲೇ ಇವೆ. ಆದ್ದರಿಂದ ಮೀನುಗಾರಿಕೆ ಇಲಾಖೆಯವರು ಕಾಲುವೆ ದಂಡೆಯ ಪ್ರತಿ ಹೊಂಡಕ್ಕೂ ಮರಿ ಬಿಡುವ ದಿನವೇ ಹೋಗಲಿ, ಯಾವ ಮರಿ, ಎಲ್ಲಿಂದ ಬಂತು ಎಂದು ಬರೆದುಕೊಳ್ಳಲಿ, ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.