ತೂಕಕ್ಕೆ ಮಾರುವ ಹಂದಿಗೆ ಕೊಬ್ಬು ಇಳಿಸುವ ಪುಡಿ ಯಾಕೆ?

ಹಂದಿ ಸಾಕುವವರ ಮನೆ ಬಾಗಿಲಿಗೇ ಈಗ ಪುಡಿ ಬರುತ್ತಿದೆ. ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಬರುವವನದು ಎರಡೇ ಮಾತು: ಹಂದಿ ಬೇಗ ಬೆಳೆಯುತ್ತೆ, ಕೊಬ್ಬು ಇಳಿದು ಮಾಂಸ ಕಟ್ಟುತ್ತೆ. ನಾವು ನೋಡಿದ ಪ್ಯಾಕೆಟ್ ಮೇಲೆ ದಪ್ಪ ಹಂದಿಯ ಚಿತ್ರ ಇತ್ತು. ಒಳಗೆ ಏನಿದೆ ಅಂತ ಒಂದು ಸಾಲೂ ಇರಲಿಲ್ಲ. ತಯಾರಿಸಿದವರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ.

ಮೊದಲು ದುಡ್ಡಿನ ಲೆಕ್ಕ ನೋಡೋಣ. ನಮ್ಮ ಕಡೆ ವ್ಯಾಪಾರಿ ಜೀವಂತ ಹಂದಿಯನ್ನೇ ತೂಗಿ ಕೆಜಿ ಲೆಕ್ಕದಲ್ಲಿ ಕೊಂಡು ಹೋಗುತ್ತಾನೆ. ಯುರೋಪಿನಲ್ಲಿ ಕಸಾಯಿಖಾನೆಯಲ್ಲಿ ಮಾಂಸ ಎಷ್ಟು, ಕೊಬ್ಬು ಎಷ್ಟು ಎಂದು ಅಳೆದು ದರ ಕಟ್ಟುತ್ತಾರೆ. ಇಲ್ಲಿ ಯಾರೂ ಅಳೆಯುವುದಿಲ್ಲ. ಕೊಡಗಿನ ಪಂದಿ ಕರಿಗೆ ಕೊಬ್ಬು, ತೊಗಲು ಇಲ್ಲದಿದ್ದರೆ ಗಿರಾಕಿ ಮುಖ ಸಿಂಡರಿಸುತ್ತಾನೆ. ಹಾಗಿರುವಾಗ ಕೊಬ್ಬು ಇಳಿಸಲು ಸಾಕುವವನು ಯಾಕೆ ದುಡ್ಡು ಕೊಡಬೇಕು? ಲಾಭ ಪುಡಿಯವನಿಗೆ ಮಾತ್ರ.

ಹಂದಿ ಬೆಳೆಯುವುದೇ ಬೇಡ ಅಂತ ನಾವು ಹೇಳುತ್ತಿಲ್ಲ. ಮಾಂಸ ಕಟ್ಟಲು ಮುಖ್ಯವಾಗಿ ಬೇಕಾದದ್ದು ಲೈಸಿನ್, ಅಂದರೆ ಪ್ರೋಟೀನಿನ ಒಂದು ಅಂಶ. ಮೆಕ್ಕೆಜೋಳದಲ್ಲಿ, ಹೋಟೆಲಿನ ಉಳಿದ ಅನ್ನದಲ್ಲಿ ಅದು ಕಡಿಮೆ. ಶೇಂಗಾ ಹಿಂಡಿಯಲ್ಲೂ ಸಾಲದು. ಸೋಯಾ ಹಿಂಡಿಯಲ್ಲಿ ಚೆನ್ನಾಗಿದೆ. ಗೋಡೆ ಕಟ್ಟುವಾಗ ಸಿಮೆಂಟ್ ಮುಗಿದರೆ ಇಟ್ಟಿಗೆ ರಾಶಿ ಇದ್ದೂ ಕೆಲಸ ನಿಲ್ಲುತ್ತದಲ್ಲ, ಹಾಗೆಯೇ ಲೈಸಿನ್ ಕೊರತೆಯಾದರೆ ಉಳಿದ ಪ್ರೋಟೀನ್ ಮಾಂಸವಾಗುವುದಿಲ್ಲ. ತಿಂದದ್ದು ಕೊಬ್ಬಾಗಿ ಕೂರುತ್ತದೆ. ಹೆಸರು, ಪ್ರಮಾಣ ಬರೆದ ಲೈಸಿನ್, ಮಿನರಲ್ ಮಿಕ್ಸ್ಚರ್ ಪ್ಯಾಕೆಟ್‌ಗಳ ಮೇಲೆ ನಮಗೆ ತಕರಾರಿಲ್ಲ. ಸಿಮೆಂಟ್ ನೆಲದ ಮೇಲೆ ಹುಟ್ಟಿದ ಮರಿಗೆ ಮೊದಲ ವಾರದಲ್ಲೇ ಕಬ್ಬಿಣಾಂಶದ ಇಂಜೆಕ್ಷನ್ ಬೇಕು, ತಾಯಿ ಹಾಲಲ್ಲಿ ಅದು ಸಾಲದು. ಈ ಖರ್ಚಿಗೆ ಕೈ ಬಿಗಿ ಹಿಡಿದು ಹೆಸರಿಲ್ಲದ ಪುಡಿಗೆ ಸುರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ದುಡ್ಡು ಹೋದರೆ ಹೋಗಲಿ ಅಂದುಕೊಂಡರೂ ಮುಂದಿನದು ಹಾಗಲ್ಲ. ಕೊಬ್ಬು ಕರಗಿಸಿ ಮಾಂಸ ಹೆಚ್ಚಿಸುವ ಒಂದು ಔಷಧ ನಿಜಕ್ಕೂ ಇದೆ. ಕ್ಲೆನ್‌ಬ್ಯುಟೆರಾಲ್ ಅಂತ, ಉಬ್ಬಸದ ಔಷಧಿಗಳ ಜಾತಿಯದು. ಚೀನಾದಲ್ಲಿ ನಿಷೇಧ ಇದ್ದರೂ ಕದ್ದು ಹಂದಿಗೆ ತಿನ್ನಿಸುತ್ತಿದ್ದರು. 2006ರಲ್ಲಿ ಶಾಂಘೈನಲ್ಲಿ ಅಂಥ ಮಾಂಸ ತಿಂದು 300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಮಾಂಸ ಬೇಯಿಸಿದರೂ ಅದು ಸುಲಭಕ್ಕೆ ನಾಶವಾಗುವುದಿಲ್ಲ.

ಇನ್ನೊಂದು ಕೊಲಿಸ್ಟಿನ್. ಬೇರೆ ಯಾವ ಆಂಟಿಬಯಾಟಿಕ್ಕೂ ನಾಟದಾಗ ಆಸ್ಪತ್ರೆಯಲ್ಲಿ ಕೊನೆಗೆ ಮನುಷ್ಯನಿಗೆ ಕೊಡುವ ಔಷಧ. ಬೇಗ ಬೆಳೆಯಲಿ ಎಂದು ಅದನ್ನು ಪ್ರಾಣಿಗಳ ಆಹಾರಕ್ಕೂ ಬೆರೆಸುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಮಾಂಸದ ಪ್ರಾಣಿಗಳಿಗೆ, ಅವುಗಳ ಫೀಡ್ ಸಪ್ಲಿಮೆಂಟ್‌ಗೆ ಅದರ ಮಾರಾಟವನ್ನೇ ನಿಷೇಧಿಸಿತು.

ಬೈಕಿನವನ ಪುಡಿಯಲ್ಲಿ ಇವೇ ಇವೆ ಎಂದು ನಾವು ಆರೋಪಿಸುತ್ತಿಲ್ಲ. ಇಲ್ಲ ಎಂದು ಪ್ಯಾಕೆಟ್ ತೋರಿಸಿ ಹೇಳಲು ಅವನಿಗೂ ಆಗುವುದಿಲ್ಲ, ಅದೇ ನಮ್ಮ ಜಗಳ. ಗೊಬ್ಬರ, ಬಿತ್ತನೆ ಬೀಜದ ಅಂಗಡಿಗೆ ಹೋಗಿ ಸ್ಯಾಂಪಲ್ ತೆಗೆಯುವ ಸರ್ಕಾರ ಈ ಪುಡಿಯನ್ನೂ ಲ್ಯಾಬಿಗೆ ಕಳಿಸಲಿ. ಅಲ್ಲಿಯವರೆಗೆ ಅವನು ಬಂದಾಗ ಬಿಲ್ ಕೇಳಿ. ಒಳಗೇನಿದೆ, ಎಷ್ಟಿದೆ ಎಂದು ಬರೆದ ಚೀಟಿ ಕೇಳಿ, ಮೊಬೈಲಲ್ಲಿ ಫೋಟೋ ತೆಗೆದು ತಾಲೂಕು ಪಶು ವೈದ್ಯರಿಗೆ ತೋರಿಸಿ. ಚೀಟಿ ಇಲ್ಲ ಅಂದರೆ ಆ ದುಡ್ಡಿಗೆ ಸೋಯಾ ಹಿಂಡಿ ತನ್ನಿ.